ಹಾಯ್ಸ್ಟಿನ ತೋಳು ಮುರಿದದ್ದು

ಅಲ್ಲ ತಿರುಮಲೇಶರೇ, ಹಿಟ್ಟಿನ ತೊಟ್ಟಿ ಎತ್ತುವ ಆ ಹಾಯ್ಸ್ಟಿನ ತೋಳು ಒಂದು ದಿನದ ಭಾರಕ್ಕೆ ಮುರಿದದ್ದಲ್ಲ! ಓಸ್ವಿನ್ ಓವರ್‌ಲೋಡ್ ಮಾಡಿದ, ಓಸ್ವಿನ್ ಓವರ್‌ಲೋಡ್ ಮಾಡಿದ... ಬಂದಾಗಿನಿಂದ ನಿಮ್ಮದು ಅದೇ ಮಾತು. ನನ್ನ ಗಂಡ ಕಾಲಿಗೆ ರಾಡ್ ಹಾಕಿಸ್ಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾನೆ. ತಪ್ಪೂ ತನ್ನದೇ ಅಂತ ಅವನು ಒಪ್ಪಬೇಕಾ? ಮೆಂಟೆನೆನ್ಸ್ ಸೂಪರ್‌ವೈಸರ್ ನೀವು, ಪಾರ್ಕ್ ರಾಯಲಿನ ಬೇಕರಿಯಿಂದ ವೆಂಬ್ಲಿಯ ನಮ್ಮ ಮನೆವರೆಗೆ ಇದನ್ನು ಹೇಳ್ಲಿಕ್ಕೆ ಬಂದದ್ದಾ?

ಕೂತ್ಕೊಳ್ಳಿ, ಕೂತ್ಕೊಳ್ಳಿ. ಕೋಟು ಯಾಕೆ ತೆಗೀಲಿಲ್ಲ? ಹೀಟಿಂಗ್ ಉಂಟಲ್ಲ.

ಇನ್ಶೂರೆನ್ಸಿನ ಎಂಜಿನಿಯರ್ ಹೆಂಗಸು ಬಂದಿದ್ದಳು. ಮುರಿದ ತೋಳಿನ ಫೋಟೋ ತೋರಿಸಿದಳು. ಎಂತಕ್ಕೆ ನಗುವುದು, ಇವಳಿಗೆ ಕಬ್ಬಿಣದ ವಿಷ್ಯ ಎಂತ ಗೊತ್ತು ಅಂತಲಾ? ನಂಗೂ ಮೊದಲು ಅರ್ಥ ಆಗ್ಲಿಲ್ಲ. ಮುರಿದ ಜಾಗದ ಅರ್ಧ ಭಾಗ ಅಷ್ಟು ನುಣ್ಣಗೆ... ಯಾರೋ ಗರಗಸ ಹಾಕಿದ್ದಾರೆ ಅಂತಲೇ ನನ್ನ ಸಂಶಯ! ಅವಳು ಇಲ್ಲ ಅಂದಳು. ಹಿಟ್ಟಿನ ತೊಟ್ಟಿ ಎತ್ತಿದಾಗ ತೋಳು ಕೂದಲೆಳೆಯಷ್ಟು ಬಾಗ್ತದಂತೆ, ಇಳಿಸಿದಾಗ ನೆಟ್ಟಗಾಗ್ತದಂತೆ. ಭಾರ ಹೆಚ್ಚೇನಲ್ಲ, ತಾಳುವಷ್ಟೇ. ಆದ್ರೆ ದಿನಾ... ದಿನಾ... ತೊಂಬತ್ತೊಂದನೇ ಇಸವಿಯಲ್ಲಿ ಕೂರಿಸಿದ ಹಾಯ್ಸ್ಟ್ ಅದು! ವೆಲ್ಡಿಂಗಿನ ಮೂಲೆಯಲ್ಲಿ ಸಣ್ಣ ಬಿರುಕು ಹುಟ್ಟಿ, ಎತ್ತಿದ ಹಾಗೆಲ್ಲ ಒಂಚೂರು ಮುಂದೆ. ಅದರ ಗೆರೆ ಉಂಟು ಅಲ್ಲಿ, ಮಲ್ಪೆಯ ಕಡಲಲ್ಲಿ ನೀರು ಇಳಿದ ಮೇಲೆ ಮರಳಲ್ಲಿ ಇರ್ತದಲ್ಲ, ಹಾಗೆ. ಉಳಿದ ಕಬ್ಬಿಣಕ್ಕೆ ತಾಳ್ಲಿಕ್ಕೆ ಆಗದ ದಿನ... ಟಪ್ಪ್! ಕೆಳಗೆ ನಿಂತದ್ದು ಓಸ್ವಿನ್. ಅಷ್ಟೇ ಅವನ ತಪ್ಪು.

ಈಗ ತಲೆ ಆಡಿಸ್ತೀರಿ! ಕಬ್ಬಿಣಕ್ಕೆ ಆಯಾಸ ಆಯ್ತು, ಯಾರ ತಪ್ಪೂ ಅಲ್ಲ, ಅಲ್ವಾ? ಸಮಾಧಾನ ಆಯ್ತಾ?

ಅವಳು ಇನ್ನೊಂದು ಫೋಟೋ ತೋರಿಸಿದಳು... ಬಿರುಕಿನ ಒಳಗೆ ಬಣ್ಣ. ಹಳದಿ ಬಣ್ಣ. ಮುರಿಯುವ ಮೊದಲೇ ಒಳಗೆ ಇಳಿದದ್ದು. ಬಿರುಕು ಬಾಯಿ ಬಿಟ್ಟಿದ್ರೆ ತಾನೇ ಬಣ್ಣ ಒಳಗೆ ಹೋಗುವುದು? ಬಳಿದವರ ಕಣ್ಣಿಗೆ ಬಿದ್ದಿರ್ಬೇಕಲ್ಲ?

ಕಿಟಕಿ ಯಾಕೆ ನೋಡ್ತೀರಿ? ಇಲ್ಲಿ ನೋಡಿ, ನನ್ನನ್ನು.

ಯಾರು ಬಳಿದದ್ದು ಅಂತ ಕೇಳಿದಳು. ಗೊತ್ತಿಲ್ಲ ಅಂದೆ... ಸುಳ್ಳು. ಈಸ್ಟರಿನ ಮುಂಚೆ ಓಸ್ವಿನ್ ಮನೆಗೆ ಬಂದು ಎಷ್ಟು ಖುಷಿಯಲ್ಲಿ ಹೇಳಿದ್ದ, ಗೊತ್ತುಂಟಾ? 'ಎಮಿಲ್ಡಾ, ಇವತ್ತು ತಿರುಮಲೇಶರು ತಾವೇ ಬ್ರಷ್ ಹಿಡಿದ್ರು, ಹಾಯ್ಸ್ಟ್ ಹೊಸತರ ಹಾಗೆ ಕಾಣ್ತದೆ' ಅಂತ. ನೀವಾಗಿಯೇ ಹೇಳ್ತೀರೋ ನೋಡುವ ಅಂತ ಕಾದೆ. ಇಷ್ಟು ಹೊತ್ತು...

ಬಿರುಕು ಕಾಣ್ಲಿಲ್ಲ ಅಂತಾದ್ರೂ ಹೇಳಿ! ಹೇಳಿ ಮಾರಾಯ್ರೆ, ನಂಬ್ತೇನೆ... ಒಂದು ಸಲ...

ಹೂಂ. ಗೊತ್ತಾಯ್ತು ನಂಗೆ.

ಸ್ವಲ್ಪ ಆಚೆ ಸರೀರಿ. ಫೋನು ನಿಮ್ಮ ಹಿಂದೆ ಉಂಟು, ಆ ಇನ್ಶೂರೆನ್ಸಿನವಳ ನಂಬರೂ.