ಹಿಮ್ಮಡಿ ಸವೆಯದ ಶೂ

ತೊಂಬತ್ತೊಂಬತ್ತನೇ ಇಸವಿ. ರಾತ್ರಿ ಹನ್ನೊಂದೂವರೆ. ನಮ್ಮ ಚಿಕ್ಕಪ್ಪನ ಮಗ ವಸಂತ ಕೊನೇ ಬಸ್ಸಿಳಿದು, ಬಾಣಸವಾಡಿ ಹಳೇ ಬಾವಿ ದಾರೀಲಿ ಒಬ್ಬನೇ ಮನೆಗೆ ಬರ್ತಿದ್ದ. ಕಾಲು ಮರಗಟ್ಟಿತ್ತು. ನೆಲ ತಾಗ್ತಿದೆಯೋ ಇಲ್ವೋ ಗೊತ್ತಾಗ್ತಿರಲಿಲ್ಲ...

ಅವತ್ತು ಅವನು ಮೊದಲ ಸಲ ಬೆಟ್ಟ ಹತ್ತಿದ್ದ. ಮಾಗಡಿ ಕಡೆ ಒಂದು ಬಂಡೆ ಬೆಟ್ಟ, ಫ್ಯಾಕ್ಟರಿ ಹುಡುಗರ ಜೊತೆ. ಚಪ್ಪಲಿ ಬಿಟ್ಟು ಬೇರೇನೂ ಮೆಟ್ಟದ ಆಸಾಮಿ. ಅದಕ್ಕೇಂತ ಹಿಂದಿನ ದಿನ ನಾನೇ ಶಿವಾಜಿನಗರದಲ್ಲಿ ಹಳೇ ಶೂ ಮಾರೋ ಗಯಾಜ್ ಹತ್ರ ಒಂದು ಜೊತೆ ಕೊಡಿಸಿದ್ದೆ. ತಿರುಗಿಸಿ ನೋಡಿದ್ವಿ. ಮುಂದಿನ ಅಟ್ಟೆ ಪೂರ್ತಿ ಸವೆದಿತ್ತು. ಹಿಮ್ಮಡಿ ಮಾತ್ರ ಹೊಸದು, ಒಂದು ಗೀರೂ ಇಲ್ಲ. ಬೆಟ್ಟ ಹತ್ತಿರೋ ಶೂನೇ ಕಣೋ, ತಗೋ ಅಂದೆ. ಇಳಿಯೋವಾಗ ಸವೆಯೋದು ಹಿಮ್ಮಡಿ. ಅಷ್ಟು ಊರು ಅಲೆದವನು ನಾನು, ಅವತ್ತು ಅದು ನನಗೂ ಹೊಳೀಲಿಲ್ಲ.

ಹತ್ತೋವಾಗ ಎಲ್ಲರಿಗಿಂತ ಮುಂದಿದ್ದನಂತೆ. ಇಳಿಯೋವಾಗ ಶೂ ಬೆರಳು ಕಚ್ಚಿತು. ಬಿಚ್ಚಿ ಕುತ್ತಿಗೆಗೆ ನೇತುಹಾಕ್ಕೊಂಡು, ಅರ್ಧ ಬೆಟ್ಟ ಕೂತ್ಕೊಂಡೇ ಜಾರಿದ. ಮಗಾ, ಪ್ಯಾಂಟ್ ಸವೀತು ಅಂತ ಹುಡುಗರು ರೇಗಿಸಿದರು. ಬಸ್ ಸ್ಟಾಪಲ್ಲಿ ಮತ್ತೆ ಶೂ ಹಾಕ್ಕೊಂಡ. ಕಾಲು ಮರಗಟ್ಟಿದ್ದು ಆಗಿನಿಂದ.

ಬಾವಿ ಹತ್ರ ಹಿಂದೆ ಸದ್ದು. ಟಕ್... ಸರ್ರ್. ಟಕ್... ಸರ್ರ್. ಬಂಡೆ ಮೇಲೆ ಕಾಲಿಟ್ಟು ಜಾರಿದ ಹಾಗೆ. ಅಲ್ಲಿರೋದು ಡಾಂಬರು ರಸ್ತೆ. ಇವನು ನಿಂತ. ಅದೂ ನಿಂತಿತು. ಹೆದರಿಕೆ ಆಗಲಿಲ್ಲವಂತೆ, ತಲೆಯೂ ಮರಗಟ್ಟಿತ್ತು. ಮನೇಲಿ ಮೂರು ತಿಂಗಳ ಕೂಸು. ಇದು ಅಲ್ಲಿವರೆಗೆ ಬರಬಾರದು... ತಲೇಲಿದ್ದಿದ್ದು ಅದೊಂದೇ.

ಕಿವಿ ಹತ್ರ ಪಿಸುಮಾತು.

“ಇನ್ನೆಷ್ಟು ಇಳೀಬೇಕು?”

ಸುಸ್ತಾದವರ ದನಿ. ವಸಂತನೂ ಪಿಸುಗುಟ್ಟಿದ.

“ಇಳಿದಾಯ್ತು ಸಾರ್. ಇದು ಬಾಣಸವಾಡಿ.”

“ಇಲ್ಲ... ನಾನಿನ್ನೂ ಇಳಿದಿಲ್ಲ.”

ವಸಂತ ಅಲ್ಲೇ ಕೂತು ಲೇಸ್ ಬಿಚ್ಚಿದ. ಎರಡೂ ಶೂ ಬಾವಿ ಕಟ್ಟೆ ಮೇಲೆ ಜೋಡಿಸಿಟ್ಟ.

“ನಿಧಾನಕ್ಕೆ ಇಳೀರಿ ಸಾರ್” ಅಂದು, ತಿರುಗಿ ನೋಡದೆ ಬರಿಗಾಲಲ್ಲಿ ನಡೆದ. ಹಿಂದೆ ಸದ್ದಿರಲಿಲ್ಲ. ಹೊಸ್ತಿಲು ದಾಟಿದ ಮೇಲೆ ಅಂಗಾಲು ಧಗಧಗ ಉರಿಯೋಕೆ ಶುರುವಾಯ್ತು. ಕೂಸು ನಿದ್ದೆ ಮಾಡ್ತಿತ್ತು.

ಬೆಳಗ್ಗೆ ಅವನು ಹೋಗಲ್ಲ ಅಂದ. ನಾನೇ ಹೋದೆ. ಶೂ ಇಟ್ಟಲ್ಲೇ ಇತ್ತು, ಇಟ್ಟ ಹಾಗೇ. ಸುಳ್ಳು ಹೇಳಿ ನನಗೇನಾಗಬೇಕು... ಈ ಕೈಯಲ್ಲೇ ತಿರುಗಿಸಿ ನೋಡಿದ್ದು.

ಹಿಮ್ಮಡಿ ಪೂರ್ತಿ ಸವೆದು, ಒಳಗಿನ ಮೊಳೆ ಕಾಣ್ತಿತ್ತು.