ದುಂಡಗೆ ಕತ್ತರಿಸಿದ ಚೀಲ

ಪುರವಣಿ ಹೇಳಿಕೆ

ಹೆಸರು: ಸಿರಾಜುನ್ನಿಸಾ ಕೋಂ ಮೆಹಬೂಬ ಹಂಚಿನಾಳ, ವಯಸ್ಸು: 47 ವರ್ಷ, ಉದ್ಯೋಗ: ಮನೆಗೆಲಸ, ಸಾ: ಹಳಿಯಾಳ ರಸ್ತೆ ಚಾಳ, ದಾಂಡೇಲಿ. ನಾನು ಈ ಮೂಲಕ ತಿಳಿಸುವುದೇನೆಂದರೆ,

ಮೃತ ಮೆಹಬೂಬ ನನ್ನ ಗಂಡ. ವಯಸ್ಸು 53. ದಾಂಡೇಲಿಯಲ್ಲಿ ಮೋಟರ್‌ಸೈಕಲ್ ರಿಪೇರಿಯ ಗ್ಯಾರೇಜು ಇಟ್ಟುಕೊಂಡಿದ್ದರು. ಮನೆಯಲ್ಲಿ ನಾವು ಉರ್ದು ಮಾತನಾಡುತ್ತೇವೆ. ನನಗೆ ಕನ್ನಡವೂ ಬರುತ್ತದೆ, ಈ ಹೇಳಿಕೆಯನ್ನು ಕನ್ನಡದಲ್ಲಿಯೇ ಕೊಡುತ್ತಿದ್ದೇನೆ. ದಿನಾಂಕ 14-11-2025, ಶುಕ್ರವಾರ, ಅವರು ಕಾಳಿ ನದಿಯಲ್ಲಿ ಮುಳುಗಿ ತೀರಿಕೊಂಡ ಬಗ್ಗೆ ನನ್ನ ಮೈದುನ ಅಯಾಜ ಅಂದೇ ಫಿರ್ಯಾದಿ ಕೊಟ್ಟಿರುತ್ತಾನೆ. ಅದರಲ್ಲಿ, ಕಾಯಿಲೆಯಿಂದ ಜೀವನದಲ್ಲಿ ಜಿಗುಪ್ಸೆಗೊಂಡು ನದಿಗೆ ಹಾರಿರುತ್ತಾರೆ ಎಂದು ಬರೆದಿದೆ. ಆ ಮಾತು ಸರಿಯಲ್ಲ. ಅದನ್ನು ತೆಗೆಸಲಿಕ್ಕೆಂದೇ ನಾನು ಠಾಣೆಗೆ ಬಂದಿದ್ದೇನೆ.

ಕಳೆದ ಆಗಸ್ಟ್ ತಿಂಗಳಲ್ಲಿ ನನ್ನ ಗಂಡನ ಹೊಟ್ಟೆ ಉಬ್ಬಿ, ಮಲವೂ ಗಾಳಿಯೂ ನಿಂತುಹೋದವು. ಹುಬ್ಬಳ್ಳಿಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವರಿಗೆ ನನ್ನ ಗುರುತು ಹತ್ತುತ್ತಿರಲಿಲ್ಲ. ಐಸಿಯುದಲ್ಲಿ ಡಾ. ಸಂಜೀವಕುಮಾರ ಎಂಬವರು ನನ್ನನ್ನು ಕುಳ್ಳಿರಿಸಿಕೊಂಡು, "ಅಕ್ಕಾರ, ದೊಡ್ಡ ಕರುಳಿನ್ಯಾಗ ಗಡ್ಡಿ ಬೆಳದು ದಾರಿ ಬಂದ್ ಆಗೇತ್ರಿ. ಬಿಪಿ ಬಿದ್ದೈತಿ, ಎದಿ ಸೋತೈತಿ. ಈಗ ಪೂರಾ ಮಂಪರ ಕೊಟ್ಟು ಹೊಟ್ಟಿ ತಗದ್ರ ತಡಕೊಳ್ಳೂದಿಲ್ಲ" ಎಂದರು. ಆದರೆ ಇನ್ನೊಂದು ದಾರಿ ಇದೆ, ಹೊಟ್ಟೆ ಪೂರ್ತಿ ತೆರೆಯುವುದಿಲ್ಲ, ಎಡಗಡೆ ಅಷ್ಟು ಜಾಗಕ್ಕೆ ಮಾತ್ರ ಜೋಮು ಹಿಡಿಸಿ, ಸಣ್ಣ ಸೀಳು ಮಾಡಿ, ಕರುಳನ್ನು ಅಲ್ಲಿಂದ ಹೊರಗೆ ತಂದು ಹೊಲಿಯುತ್ತೇವೆ, ಮಲ ಅಲ್ಲಿಂದಲೇ ಚೀಲಕ್ಕೆ ಬರುತ್ತದೆ ಎಂದು ತಿಳಿಸಿದರು. "ಮೊದಲ ಜೀವ ಉಳಿಸಿಕೊಳ್ಳೂಣು, ಗಡ್ಡಿ ಆಮ್ಯಾಲ ನೋಡೂಣು" ಎಂದರು. ನಾನು ಸಹಿ ಮಾಡಿದೆ.

ಹಾಸಿಗೆಯ ಮೇಲೆಯೇ ಆ ಕೆಲಸ ಮುಗಿಸಿದರು. ಸಂಜೆಗೆ ಸುಮಿತಾ ಎಂಬ ಸಿಸ್ಟರ್ ಹೊರಗೆ ಓಡಿಬಂದು, "ಗಾಳಿ ಹೊಂಟತ್ರಿ ಅಕ್ಕಾರ, ಚೀಲ ಉಬ್ಬೇತಿ!" ಎಂದು ನನ್ನ ಕೈ ಹಿಡಿದರು. ಇಂಥದ್ದಕ್ಕೂ ಖುಷಿಯಿಂದ ಅಳುವವರು ಇರುತ್ತಾರೆಂದು ನನಗೆ ಅಂದೇ ಗೊತ್ತಾಯಿತು.

ಚೀಲ ಹಚ್ಚುವುದನ್ನು ನನಗೆ ಕಲಿಸಿದವರೂ ಅದೇ ಸಿಸ್ಟರ್. ಚೀಲದ ಹಿಂದೆ ಅಂಟಿನ ಬಿಲ್ಲೆ ಇರುತ್ತದೆ. ಹೊಟ್ಟೆಯ ಮೇಲೆ ಕಾಣುವ ಕೆಂಪು ಕರುಳಿನ ಅಳತೆಗೆ ಅದರಲ್ಲಿ ತೂತು ಕತ್ತರಿಸಬೇಕು. ದೊಡ್ಡದಾದರೆ ಸುತ್ತಲಿನ ಚರ್ಮ ಸುಡುತ್ತದೆ, ಸಣ್ಣದಾದರೆ ಕರುಳು ಕಚ್ಚುತ್ತದೆ. ದಾಂಡೇಲಿಗೆ ಬಂದ ಮೇಲೆ ಪ್ರತಿ ಸಲ ನಾನೇ ಕತ್ತರಿಸುತ್ತಿದ್ದೆ. ನನ್ನ ಗಂಡ ಗೋಡೆಯ ಕಡೆ ಮುಖ ಮಾಡುತ್ತಿದ್ದರು. ತಮ್ಮ ಹೊಟ್ಟೆಯನ್ನು ಅವರು ಒಂದು ದಿನವೂ ನೋಡಿಕೊಂಡಿರಲಿಲ್ಲ. "ಇದಕ್ಕಿಂತ ಆವತ್ತ ಹೋಗಿಬಿಟ್ಟಿದ್ರ ಚೊಲೊ ಇತ್ತು" ಎಂದು ಅಯಾಜನ ಮುಂದೆ ಹೇಳಿದ್ದು ನಿಜ. ಅಯಾಜ ಸುಳ್ಳು ಹೇಳಿಲ್ಲ. ಆದರೆ ಅವನಿಗೆ ಗೊತ್ತಿರುವುದು ಅಲ್ಲಿಯ ತನಕ ಮಾತ್ರ.

ಅವರಿಗೆ ಎಲ್ಲಕ್ಕಿಂತ ಸಂಕಟವಾಗಿದ್ದು ನಮಾಜು ತಪ್ಪಿದ್ದು. ಹೊಟ್ಟೆಯ ಮೇಲೆ ಹೊಲಸು ಕಟ್ಟಿಕೊಂಡು ಮಸೀದಿಯ ಸಾಲಿನಲ್ಲಿ ಹೇಗೆ ನಿಲ್ಲಲಿ, ವಾಸನೆಗೆ ಪಕ್ಕದವರು ಸರಿದರೆ ಏನು ಮಾಡಲಿ ಎನ್ನುತ್ತಿದ್ದರು. ನಾನು ಹೋಗಿ ಮಸೀದಿಯಲ್ಲಿ ನಮಾಜು ಮಾಡಿಸುವ ಮೌಲಾನಾ ಅವರನ್ನು ಕೇಳಿಕೊಂಡೆ. 13ನೇ ತಾರೀಖು ಗುರುವಾರ ಅವರು ಮನೆಗೆ ಬಂದು, ಇದು ರೋಗ, ತಪ್ಪಲ್ಲ, ಪ್ರತಿ ನಮಾಜಿಗೆ ಹೊಸದಾಗಿ ಕೈಕಾಲು ಮುಖ ತೊಳೆದು ವಜೂ ಮಾಡಿಕೊಂಡು ಬಂದರೆ ಸಾಕು ಎಂದು ತಿಳಿಸಿದರು. ಎಲ್ಲಿ ನಿಲ್ಲಲಿ ಎಂದು ನನ್ನ ಗಂಡ ಕೇಳಿದ್ದಕ್ಕೆ, ನೀವು ಮೊದಲು ನಿಲ್ಲುತ್ತಿದ್ದ ಜಾಗದಲ್ಲಿಯೇ, ನನ್ನ ಹಿಂದಿನ ಸಾಲಿನಲ್ಲಿ, ಎಂದರು.

ಶುಕ್ರವಾರ ಬೆಳಿಗ್ಗೆ 9 ಗಂಟೆಯ ಸುಮಾರಿಗೆ ನಾನು ಕತ್ತರಿ ಹಿಡಿದು ಕುಳಿತಾಗ ಅವರು ಅದನ್ನು ನನ್ನ ಕೈಯಿಂದ ಕಸಿದುಕೊಂಡರು. "ನೀ ಕತ್ತರಿಸಿದ್ದು ಕಲಿಯೋ ಹುಡುಗಿ ಲಟ್ಟಿಸಿದ ಚಪಾತಿ ಆಗೇತಿ. ಇಂಜಿನ್ನಿಗೆ ಎಷ್ಟ ಗ್ಯಾಸ್ಕೆಟ್ ಕತ್ತರಿಸೇನಿ ನಾ, ಕೊಡ ಇಲ್ಲೆ" ಎಂದರು. ಅಂಗಿ ಎತ್ತಿ ತಮ್ಮ ಹೊಟ್ಟೆಯನ್ನು ನೋಡಿಕೊಂಡರು. ಬಹಳ ಹೊತ್ತು ನೋಡಿದರು. ಆಮೇಲೆ ಅಳತೆ ತೆಗೆದು, ನಾಲಿಗೆ ಕಚ್ಚಿಕೊಂಡು, ಗ್ಯಾರೇಜಿನಲ್ಲಿ ಕೂರುವ ಹಾಗೆ ಕುಕ್ಕರಗಾಲಲ್ಲಿ ಕುಳಿತು ಕತ್ತರಿಸಿದರು. ಅಂಚನ್ನು ಬೆರಳಿನಿಂದ ಸವರಿ ನನಗೆ ತೋರಿಸಿದರು. ಅವರು ಹಾಗೆ ನಕ್ಕಿದ್ದನ್ನು ನಾನು ಆಗಸ್ಟ್‌ನಿಂದ ನೋಡಿರಲಿಲ್ಲ.

ನಮ್ಮ ಚಾಳದ ನಾಲ್ಕು ಮನೆಗೂ ಬಚ್ಚಲು ಒಂದೇ. ಚೀಲ ಬಿಚ್ಚಿ ಅಲ್ಲಿ ಸ್ನಾನ ಮಾಡುವುದು ಅವರಿಗೆ ಒಪ್ಪಿಗೆ ಇರಲಿಲ್ಲ. ಪಕ್ಕದ ಮನೆಯ ಮಹಾದೇವಕ್ಕ ಬಾಗಿಲಲ್ಲಿ ನಿಂತು, "ಇಲ್ಲೇ ಮಾಡ್ರಿ ಅಣ್ಣಾರ, ನೀರ ನಾ ಹಾಕಿ ತೊಳಿತೇನಿ, ನಾವೇನ ಬ್ಯಾರೆಯವರ?" ಎಂದರೂ ಕೇಳಲಿಲ್ಲ. ಹರಿಯುವ ನೀರಿನಲ್ಲಿ ಮೈ ತೊಳೆದು ಜುಮ್ಮಾ ನಮಾಜಿಗೆ ಹೋಗುತ್ತೇನೆ, ನೀರಿಗೆ ಇಳಿಯುವುದಿಲ್ಲ, ಕಲ್ಲಿನ ಮೇಲೆ ಕುಳಿತು ಮಗ್ಗಿನಿಂದ ಹಾಕಿಕೊಳ್ಳುತ್ತೇನೆ ಎಂದು ಹೇಳಿದರು. ನಾನೂ ಬರುತ್ತೇನೆ ಎಂದೆ. "ಗಂಡಸರ ಜಾಗ ಅದು, ನೀ ಬ್ಯಾಡ. ಖಿಚಡಿ ಮಾಡು, ನಮಾಜ ಮುಗಿಸಿ ಬಂದು ಉಣ್ತೇನಿ" ಎಂದು ಹೊರಟರು. ನಾನು ಖಿಚಡಿ ಮಾಡಿದೆ.

ನಮಾಜಿಗೆ ಕರೆ ಆದರೂ ಬಾರದ್ದರಿಂದ ನಾನೂ ಮಹಾದೇವಕ್ಕನೂ ನದಿಗೆ ಹೋದೆವು. ಕಲ್ಲಿನ ಮೇಲೆ ಇಸ್ತ್ರಿ ಮಾಡಿದ ಅಂಗಿ, ಅದರ ಮೇಲೆ ಟೋಪಿ, ಟೋಪಿಯೊಳಗೆ ಹೊಸ ಚೀಲ ಇತ್ತು. ಹಳೆಯ ಚೀಲವನ್ನು ಪೇಪರಿನಲ್ಲಿ ಸುತ್ತಿ ಮನೆಗೆ ತರಲು ಕಟ್ಟಿಟ್ಟಿದ್ದರು. ಮಗ್ಗು ಸುಮಾರು ಮೂವತ್ತು ಮೀಟರ್ ಕೆಳಗೆ ಗಿಡಕ್ಕೆ ಸಿಕ್ಕಿಕೊಂಡಿತ್ತು. ಹೆಣ ಅದಕ್ಕೂ ಕೆಳಗೆ ಸಿಕ್ಕಿತು. ತೇಲಿಹೋದ ಮಗ್ಗಿಗೆ ಬಗ್ಗಿ ಜಾರಿದರೋ, ತಲೆ ತಿರುಗಿತೋ, ನಾನು ನೋಡಿಲ್ಲ. ನೋಡದ್ದನ್ನು ಹೇಳುವುದಿಲ್ಲ.

ಹೊಸ ಚೀಲವನ್ನು ಪಂಚನಾಮೆ ಕಾಲಕ್ಕೆ ತಾವು ಜಪ್ತು ಮಾಡಿರುತ್ತೀರಿ. ಮರುದಿನ ಜನಾಜಾಕ್ಕೆ ಮೈ ತೊಳೆಸಿದ ಮೇಲೆ ಅಯಾಜ ಹೊಟ್ಟೆಯ ತೂತಿಗೆ ತುಂಬಲು ಹತ್ತಿ ಕೇಳಿದ. ನಾನು ಕೊಡಲಿಲ್ಲ. ಇನ್ನೊಂದು ಚೀಲ ಕತ್ತರಿಸಿ ಕೊಟ್ಟೆ. ತೂತು ವಾರೆಯಾಯಿತು. ಹಾಗೆಯೇ ಹಚ್ಚಿ ಕಳಿಸಿದೆವು. ಎಲ್ಲಿ ನಿಲ್ಲಲಿ ಎಂದು ಕೇಳಿದವರನ್ನು ಜನಾಜಾ ನಮಾಜಿನಲ್ಲಿ ಎಲ್ಲ ಸಾಲುಗಳ ಮುಂದೆ ಮಲಗಿಸಿದ್ದರು.

ನನಗೆ ಯಾರ ಮೇಲೂ ಸಂಶಯ ಇರುವುದಿಲ್ಲ. ನನ್ನ ಗಂಡನ ಮೇಲೂ ಇಲ್ಲ. ಅವರು ಕತ್ತರಿಸಿದ ಚೀಲ ಠಾಣೆಯಲ್ಲಿಯೇ ಇದೆ. ದಯವಿಟ್ಟು ಸೀಲು ಒಡೆದು ಆ ತೂತನ್ನು ಒಮ್ಮೆ ನೋಡಬೇಕು, ಆಮೇಲೆ ಜಿಗುಪ್ಸೆ ಎಂಬ ಮಾತನ್ನು ಇಡುವುದೋ ತೆಗೆಯುವುದೋ ಬರೆಯಬೇಕು.

ಬರೆದುಕೊಂಡಿದ್ದನ್ನು ನನಗೆ ಓದಿ ಹೇಳಿದ್ದಾರೆ, ನಾನು ನುಡಿದಂತೆಯೇ ಇದೆ, ಇದರಲ್ಲಿ ಸುಳ್ಳಿಲ್ಲ.

ಸ್ಥಳ: ದಾಂಡೇಲಿ
ದಿನಾಂಕ: 17-11-2025
ಸಹಿ: ಸಿರಾಜುನ್ನಿಸಾ