ಇಳಿಸಿಕೊಳ್ಳದ ರೋಗಿಯ ಕುರಿತು

ಹೇಳಿಕೆ ಕೊಡುವವನು: ವರ್ತಕರ ಸಂಘದ ಆಂಬುಲೆನ್ಸ್ ಚಾಲಕ, ಊರವರೆಲ್ಲ ಕರೆಯುವುದು ಸೈರನ್ ಮಾವ ಎಂದು
ವಯಸ್ಸು: 52
ವಾಸ: ಬಸ್ ನಿಲ್ದಾಣದ ಹಿಂದಿನ ಬೀದಿ, ಹಿಟ್ಟಿನ ಗಿರಣಿಯ ಮೇಲಿನ ಮನೆ

ಈ ಮೂಲಕ ತಿಳಿಸುವುದೇನೆಂದರೆ, ಕಳೆದ ಗುರುವಾರ ನಾನು ದೊಡ್ಡಾಸ್ಪತ್ರೆಗೆ ಕರೆದೊಯ್ದ ವಿದೇಶದ ಹಿರಿಯರು ದಾರಿಯಲ್ಲೇ ತೀರಿಕೊಂಡಿದ್ದರು, ನಾನು ಶವವನ್ನು ತಂದು ಆಸ್ಪತ್ರೆಯ ಮಂಚದ ಮೇಲೆ ಬಲವಂತವಾಗಿ ಮಲಗಿಸಿದೆ ಎಂದು ಆಸ್ಪತ್ರೆಯವರು ನನ್ನ ಮೇಲೆ ದೂರು ಕೊಟ್ಟಿದ್ದಾರೆ. ಮಂಚದ ಮೇಲೆ ಮಲಗಿಸಿದ್ದು ನಿಜ. ಬಲವಂತ ಮಾಡಿದ್ದೂ ನಿಜ. ಆದರೆ ಅವರು ಶವವಾಗಿರಲಿಲ್ಲ. ನಾನು ಹೇಳಬೇಕಾದದ್ದು ಇಷ್ಟೇ, ಮುಂದಿನದೆಲ್ಲ ಅದರ ವಿವರ.

ಅಂದು ಮಧ್ಯಾಹ್ನ ಸುಮಾರು 2.15ಕ್ಕೆ ರೈಲು ನಿಲ್ದಾಣದ ಎದುರಿನ ಲಾಡ್ಜ್‌ನ ಮ್ಯಾನೇಜರ್ ನನಗೆ ಫೋನ್ ಮಾಡಿ, ಮೊದಲನೆಯ ಮಹಡಿಯಲ್ಲಿರುವ ವಿದೇಶದವರಿಗೆ ಉಸಿರಾಡಲು ಆಗುತ್ತಿಲ್ಲ, ಬೇಗ ಬಾ ಎಂದು ತಿಳಿಸಿದರು. ನನ್ನ ಸಹಾಯಕನ ತಂಗಿಯ ಮದುವೆಯಿದ್ದ ಕಾರಣ ಅವನು ರಜೆಯ ಮೇಲಿದ್ದನು. ನಾನೊಬ್ಬನೇ ಗಾಡಿ ತೆಗೆದುಕೊಂಡು ಹೊರಟೆನು. ಸೈರನ್ ಹಾಕಿದರೆ ದಾರಿ ಬಿಡುವವರಿಗಿಂತ ಹಿಂದೆಯೇ ಅಂಟಿಕೊಂಡು ನುಗ್ಗುವವರೇ ಹೆಚ್ಚು, ಆದರೂ ಹತ್ತು ನಿಮಿಷದೊಳಗೆ ತಲುಪಿದೆನು.

ಹಿರಿಯರು ಮಂಚದ ಅಂಚಿನಲ್ಲಿ ಎರಡೂ ಕೈ ಊರಿಕೊಂಡು ಕೂತಿದ್ದರು. ಎಪ್ಪತ್ತು ದಾಟಿದ ವಯಸ್ಸು, ಎತ್ತರದ ಆಳು, ತುಟಿ ನೀಲಿಗಟ್ಟಿತ್ತು. ಜೊತೆಯಲ್ಲಿ ಮಗಳು, ಮೂವತ್ತರ ಆಸುಪಾಸು. ಆಕೆಯ ಭಾಷೆ ನನಗೆ ಬಾರದು, ನನ್ನದು ಆಕೆಗೆ ಬಾರದು. ಆಕೆಯ ಮೊಬೈಲು ಇಬ್ಬರ ಮಾತನ್ನೂ ಅರೆಬರೆ ತಿರುಗಿಸಿ ಹೇಳುತ್ತಿತ್ತು. ಲಾಡ್ಜ್‌ನ ರೂಮ್‌ಬಾಯ್ ಮತ್ತು ನಾನು ಸೇರಿ ಹಿರಿಯರನ್ನು ಕೆಳಗಿಳಿಸಿ, ಸ್ಟ್ರೆಚರ್ ಮೇಲೆ ಒರಗಿಸಿ, ಗಾಡಿಯ ಆಕ್ಸಿಜನ್ ಹಚ್ಚಿದೆವು. ಹಚ್ಚಿದ ಮೇಲೆ ಅವರ ಮುಖಕ್ಕೆ ಕೊಂಚ ಕಳೆ ಬಂತು. ನನ್ನ ಬೆನ್ನು ತಟ್ಟಿದರು.

ದಾರಿಯಲ್ಲಿ ಮಗಳು ಮೊಬೈಲಿನ ಮೂಲಕ ತಿಳಿಸಿದ್ದೇನೆಂದರೆ, ಆಕೆಯ ತಂದೆ ತಮ್ಮ ದೇಶದಲ್ಲಿ ಮೂವತ್ತು ವರ್ಷ ರೈಲಿನ ಗಾರ್ಡ್ ಆಗಿದ್ದರು, ಒಮ್ಮೆಯಾದರೂ ಕೆಲಸವಿಲ್ಲದೆ ಕಾಲು ಚಾಚಿ ದೂರದ ರೈಲಿನಲ್ಲಿ ಕೂರಬೇಕೆಂಬ ಆಸೆಯಿಂದ ಬಂದಿದ್ದರು. ಹೃದಯದ ತೊಂದರೆ ಮೊದಲೇ ಇದ್ದುದರಿಂದ ಯಾವ ಕಂಪನಿಯೂ ಅವರಿಗೆ ಪ್ರವಾಸದ ವಿಮೆ ಕೊಡಲಿಲ್ಲವಂತೆ. ವಿಮೆ ಇಲ್ಲದವರನ್ನು ಆಸ್ಪತ್ರೆಯವರು ಸುಲಭಕ್ಕೆ ಸೇರಿಸಿಕೊಳ್ಳುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಬಾಗಿಲಿಗೆ ಬಂದ ಜೀವವನ್ನು ಯಾರು ಹೊರಗಿಟ್ಟಾರು ಎಂದುಕೊಂಡು ಗಾಡಿ ಓಡಿಸಿದೆನು.

2.50ಕ್ಕೆ ದೊಡ್ಡಾಸ್ಪತ್ರೆಯ ತುರ್ತು ವಿಭಾಗ ತಲುಪಿದೆವು. ಇಲ್ಲಿ ಒಂದು ವಿಷಯ ವಿವರಿಸಬೇಕು. ರೋಗಿಯನ್ನು ನಮ್ಮ ಸ್ಟ್ರೆಚರ್‌ನಿಂದ ಆಸ್ಪತ್ರೆಯ ಮಂಚಕ್ಕೆ ಬದಲಿಸುವುದನ್ನು ನಮ್ಮ ಕಸುಬಿನಲ್ಲಿ ಇಳಿಸಿಕೊಳ್ಳುವುದು ಎನ್ನುತ್ತಾರೆ. ಇಳಿಸಿಕೊಂಡರೆ ಅವರ ರೋಗಿ. ಇಳಿಸಿಕೊಳ್ಳುವ ತನಕ ನಮ್ಮ ರೋಗಿ. ತುರ್ತು ರೋಗಿಯನ್ನು ವಾಪಸು ಕಳಿಸಬಾರದೆಂಬ ಕಾನೂನು ಅವರಿಗೂ ಗೊತ್ತು. ಅದಕ್ಕೇ ಅವರು ವಾಪಸು ಕಳಿಸುವುದಿಲ್ಲ, ಇಳಿಸಿಕೊಳ್ಳುವುದೂ ಇಲ್ಲ. ನನ್ನ ಸರ್ವಿಸ್‌ನಲ್ಲಿ ಇಂಥದ್ದನ್ನು ಬೇಕಾದಷ್ಟು ಕಂಡಿದ್ದೇನೆ.

ಕೌಂಟರಿನಲ್ಲಿದ್ದ ಮಹಿಳೆ ವಿಮೆಯ ಕಾರ್ಡ್ ಕೇಳಿದರು. ಇಲ್ಲವೆಂದಾಗ ಮುಂಗಡ ಕಟ್ಟಲು ತಿಳಿಸಿದರು. ಮಗಳು ತನ್ನ ಬ್ಯಾಂಕ್ ಕಾರ್ಡ್ ಕೊಟ್ಟರು, ಯಂತ್ರ ಅದನ್ನು ಒಪ್ಪಲಿಲ್ಲ. ಇನ್ನೊಂದು ಕೊಟ್ಟರು, ಅದನ್ನೂ ಒಪ್ಪಲಿಲ್ಲ. ಕೌಂಟರಿನವರು ಒರಟಾಗಿ ಮಾತಾಡಲಿಲ್ಲ, ಅದನ್ನು ಹೇಳಲೇಬೇಕು. “ಒಂದ್ ನಿಮಿಷ ಕೂತಿರಿ ಮೇಡಂ, ಮೇಲಿಂದ ಒಪ್ಪಿಗೆ ಬರ್ಲಿ,” ಎಂದು ನಗುಮುಖದಿಂದಲೇ ಹೇಳಿದರು. ಅಲ್ಲಿ ಯಾರೂ ಆಗುವುದಿಲ್ಲ ಅನ್ನಲಿಲ್ಲ. ಎಲ್ಲರೂ ಒಂದು ನಿಮಿಷ ಎಂದರು.

ನಾನು ಸ್ಟ್ರೆಚರ್ ಪಕ್ಕದಲ್ಲಿ ಕಾರಿಡಾರಿನ ಗೋಡೆಗೆ ಒರಗಿ ನಿಂತಿದ್ದೆನು. ನಮ್ಮ ಎದುರಿಗೇ, ನಾಲ್ಕು ಹೆಜ್ಜೆಯಲ್ಲಿ, ಹಸಿರು ಪರದೆಯಾಚೆ ಒಂದು ಮಂಚ ಖಾಲಿಯಿತ್ತು. ಹೊಸ ಹಾಸು ಹಾಸಿದ್ದರು. ಗೋಡೆಯಲ್ಲಿ ಆಕ್ಸಿಜನ್ ಬಿಡುವ ನಲ್ಲಿಯೂ ಇತ್ತು. ಹಿರಿಯರು ಅದನ್ನೂ ನೋಡುತ್ತಿದ್ದರು, ನನ್ನನ್ನೂ ನೋಡುತ್ತಿದ್ದರು. ಒಮ್ಮೆ ಬೆರಳಿಂದ ಮಂಚವನ್ನು ತೋರಿಸಿ ಹುಬ್ಬು ಹಾರಿಸಿದರು, ರೈಲಿನಲ್ಲಿ ಈ ಸೀಟು ಖಾಲಿಯಿದೆಯಾ ಎಂದು ಕೇಳುವವರ ಹಾಗೆ. ನನಗೆ ನಾಚಿಕೆಯಾಯಿತು. ತಲೆ ತಗ್ಗಿಸಿದೆನು.

ಈ ನಡುವೆ ತುರ್ತು ವಿಭಾಗದ ಸೂಪರ್‌ವೈಸರ್ ಎರಡು ಸಲ ಬಂದು ಹೋದರು. ಗಾಡಿಯಿಂದ ತಂದಿದ್ದ ಸಿಲಿಂಡರಿನಲ್ಲಿ ಆಕ್ಸಿಜನ್ ಮುಗಿಯುತ್ತಾ ಬಂದಿದೆ ಎಂದು ಅವರಿಗೆ ಮೀಟರಿನ ಮುಳ್ಳು ತೋರಿಸಿದೆನು. ಗಾಡಿಯಲ್ಲಿ ಇನ್ನೊಂದು ಇಲ್ಲವೇ ಎಂದು ಕೇಳಿದರು. ಇದ್ದ ಇನ್ನೊಂದು ತುಂಬಿಸಲು ಹೋಗಿತ್ತು.

“ಸರ್, ಒಪ್ಪಿಗೆ ಬರೋಷ್ಟ್ರಲ್ಲಿ ಮನುಷ್ಯನೇ ಹೊರಟ್ಹೋಗ್ತಾರೆ. ಇಳಿಸ್ಕೊಳ್ಳಿ, ಆಮೇಲೆ ಏನಾದ್ರೂ ಮಾಡ್ಕೊಳ್ಳಿ,” ಎಂದೆನು.

“ನಿಮ್ ಸ್ಟ್ರೆಚರ್ ಮೇಲಿರೋ ತನಕ ಅವ್ರು ನಿಮ್ ಪೇಷೆಂಟು ಮಾವ. ನನ್ ಕೆಲ್ಸ ಕಳೀಬೇಡಿ,” ಎಂದು ಹೇಳಿ ಫೋನ್ ಕಿವಿಗಿಟ್ಟುಕೊಂಡು ಹೋದರು.

3.40ರ ಸುಮಾರಿಗೆ ಮುಳ್ಳು ಕೆಂಪಿನ ಮೇಲೆ ಕೂತಿತು. ಹಿರಿಯರ ಎದೆ ತಿದಿಯ ಹಾಗೆ ಏರಿಳಿಯತೊಡಗಿತು. ಮಗಳು ನನ್ನ ತೋಳು ಹಿಡಿದುಕೊಂಡರು. ಏನೋ ಹೇಳಿದರು, ಮೊಬೈಲು ಕೈಯಲ್ಲಿರಲಿಲ್ಲ, ಆದರೆ ಆ ಮಾತಿಗೆ ಮೊಬೈಲು ಬೇಕಿರಲಿಲ್ಲ. ನಾನು ಪರದೆ ಸರಿಸಿ ಸ್ಟ್ರೆಚರನ್ನು ಒಳಗೆ ತಳ್ಳಿದೆನು. ಸೆಕ್ಯೂರಿಟಿಯವನು ಅಡ್ಡ ಬಂದನು, ಅವನನ್ನು ಪಕ್ಕಕ್ಕೆ ದೂಡಿದೆನು. ದೂರಿನಲ್ಲಿ ಹೊಡೆದೆನೆಂದು ಬರೆದಿದೆ, ಹೊಡೆದಿಲ್ಲ. ಮಗಳು ಕಾಲು, ನಾನು ಹೆಗಲು ಹಿಡಿದು ಹಿರಿಯರನ್ನು ಮಂಚಕ್ಕೆ ಬದಲಿಸಿದೆವು. ಅಲ್ಲಿದ್ದ ನರ್ಸಮ್ಮ ಬಂದು ನಲ್ಲಿ ತಿರುಗಿಸಿ ಮಾಸ್ಕ್ ಹಾಕಿದರು. ಹಿರಿಯರು ಕಣ್ಣು ಬಿಟ್ಟರು. ನನ್ನ ಹೆಬ್ಬೆರಳನ್ನು ಹಿಡಿದು ಎರಡು ಸಲ ಒತ್ತಿದರು. ಸತ್ತವರು ಹೆಬ್ಬೆರಳು ಒತ್ತುವುದಿಲ್ಲ.

ಸೂಪರ್‌ವೈಸರ್ ಓಡಿ ಬಂದರು. ಅವರ ಹಿಂದೆ ಡ್ಯೂಟಿ ಡಾಕ್ಟರ್ ಬಂದರು. ಡಾಕ್ಟರ್ ಮೊದಲು ಕೇಳಿದ್ದು, “ಯಾರ್ರೀ ಇವರನ್ನ ಇಲ್ಲಿ ಹಾಕಿದ್ದು?” ಎಂದು. ಒಪ್ಪಿಗೆ ಬರುವ ತನಕ ಮಂಚ ಕೊಡಲಾಗದೆಂದು ಸೂಪರ್‌ವೈಸರ್ ವಿವರಿಸಿದರು. ಡಾಕ್ಟರಿಗೆ ಚಿಕ್ಕ ವಯಸ್ಸು, ನನ್ನ ಮಗನ ಓರಗೆಯವರು. ಏನಾದರೂ ಹೇಳಿಯಾರು ಎಂದು ಆಸೆಯಿಂದ ಮುಖ ನೋಡಿದೆನು. ಅವರು ಕೊರಳಲ್ಲಿದ್ದ ಸ್ಟೆತಸ್ಕೋಪನ್ನು ತೆಗೆಯಲೇ ಇಲ್ಲ. ಇಬ್ಬರು ವಾರ್ಡ್‌ಬಾಯ್‌ಗಳು ಮಾಸ್ಕ್ ತೆಗೆದು, ಹಿರಿಯರನ್ನು ಮತ್ತೆ ನನ್ನ ಸ್ಟ್ರೆಚರ್ ಮೇಲೆ ಎತ್ತಿ ಹಾಕಿದರು. ಸೆಕ್ಯೂರಿಟಿಯವನು ನನ್ನ ಎರಡೂ ಕೈ ಹಿಂದಕ್ಕೆ ಹಿಡಿದಿದ್ದನು. ಕಾರಿಡಾರಿಗೆ ತಂದು ನಿಲ್ಲಿಸುವಷ್ಟರಲ್ಲಿ ಅವರ ಉಸಿರು ನಿಂತಿತ್ತು.

ಆಮೇಲೆ ಡಾಕ್ಟರ್ ಎದೆ ಮುಟ್ಟಿ ನೋಡಿದರು. ಕರೆತರುವಾಗಲೇ ಜೀವ ಇರಲಿಲ್ಲ ಎಂದು ಬರೆದರು.

ಮಗಳು ನೆಲದ ಮೇಲೆ ಕೂತಿದ್ದರು. ಸೂಪರ್‌ವೈಸರ್ ಆಕೆಗೆ ನೀರು ಕೊಟ್ಟರು, ಒಂದು ಕಾಗದವನ್ನೂ ಕೊಟ್ಟರು. ತಂದೆ ದಾರಿಯಲ್ಲೇ ತೀರಿಕೊಂಡಿದ್ದರು, ಆಸ್ಪತ್ರೆಯ ಮೇಲೆ ತನ್ನ ಆಕ್ಷೇಪಣೆ ಇಲ್ಲ ಎಂದು ಅದರಲ್ಲಿತ್ತು. ಸಹಿ ಹಾಕಿದರೆ ಬಿಲ್ಲೂ ಇಲ್ಲ, ತಕರಾರೂ ಇಲ್ಲ, ದೂತಾವಾಸದ ಕೆಲಸ ಮುಗಿದ ಕೂಡಲೇ ತಂದೆಯನ್ನು ಊರಿಗೆ ಒಯ್ಯಬಹುದು. ಹಾಕದಿದ್ದರೆ ವಿಚಾರಣೆ ಮುಗಿಯುವ ತನಕ ದೇಹ ಶವಾಗಾರದಲ್ಲೇ ಇರುತ್ತದೆ, ಎಷ್ಟು ತಿಂಗಳೋ ಹೇಳಲಾಗದು ಎಂದು ತಿಳಿಸಿದರು. ಆಕೆ ಕಾಗದವನ್ನು ನನ್ನ ಮುಂದೆ ಹಿಡಿದರು. ಮೊಬೈಲು ಎತ್ತಿಕೊಂಡು, ನಾನೇನು ಮಾಡಲಿ ಎಂದು ಕೇಳಿಸಿದರು. ಅಷ್ಟು ದೊಡ್ಡ ಕಟ್ಟಡದಲ್ಲಿ ಆಕೆ ಕೇಳಿದ್ದು ನನ್ನನ್ನು.

“ಹಾಕಿಬಿಡಮ್ಮ. ಅಪ್ಪನ್ನ ಮನೆಗೆ ಕರ್ಕೊಂಡ್ ಹೋಗು,” ಎಂದೆನು.

ಆಕೆ ಸಹಿ ಹಾಕಿದರು. ಆ ಹೊತ್ತಿಗೆ ನನ್ನ ಮೇಲೆ ದೂರು ಬರುತ್ತದೆಂದು ನನಗೆ ತಿಳಿದಿರಲಿಲ್ಲ. ತಿಳಿದಿದ್ದರೂ ಬೇರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ.

ಶುಕ್ರವಾರವೇ ಠಾಣೆಗೆ ಬರಲು ಹೇಳಿ ಕಳಿಸಿದ್ದರು. ಹೊಟ್ಟೆ ಕೆಟ್ಟಿದೆ ಎಂದೆನು. ಭಾನುವಾರ ಗಾಡಿ ಕೆಟ್ಟಿದೆ ಎಂದೆನು. ಎರಡೂ ಸುಳ್ಳು. ಹಿರಿಯರು ಬದುಕಿದ್ದರೆಂದು ನಾನು ಬರೆಸಿದರೆ ಮಗಳ ಸಹಿ ಸುಳ್ಳಾಗುತ್ತದೆ, ದೇಹ ಇಲ್ಲೇ ಉಳಿಯುತ್ತದೆ ಎಂದು ಹೆದರಿ ಸತಾಯಿಸಿದೆನು. ಇಂದು ಬೆಳಿಗ್ಗೆ ಲಾಡ್ಜ್ ಮ್ಯಾನೇಜರ್ ಫೋನ್ ಮಾಡಿ, ವಿಮಾನ ಹೋಯಿತು, ಪೆಟ್ಟಿಗೆಯೂ ಅದರಲ್ಲೇ ಹೋಯಿತು ಎಂದರು. ಕೂಡಲೇ ಹೊರಟು ಬಂದಿದ್ದೇನೆ.

ಹೇಳಿಕೆ ಬರೆದುಕೊಳ್ಳುತ್ತಿರುವ ಹೆಡ್ ಕಾನ್‌ಸ್ಟೆಬಲ್ ಸಾಹೇಬರು ಇಲ್ಲಿ ಪೆನ್ನು ಕೆಳಗಿಟ್ಟು, ನರ್ಸಮ್ಮ ತಾನು ಪಕ್ಕದ ರೋಗಿಗೆ ಇಂಜೆಕ್ಷನ್ ಕೊಡುತ್ತಿದ್ದೆ, ಏನನ್ನೂ ನೋಡಿಲ್ಲ ಎಂದು ಹೇಳಿಕೆ ಕೊಟ್ಟಿರುವುದಾಗಿ ತಿಳಿಸಿದರು. ನರ್ಸಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೂ ಮನೆಯಿದೆ. ಆಸ್ಪತ್ರೆಯ ಕ್ಯಾಮೆರಾ ಆ ವಾರ ರಿಪೇರಿಯಲ್ಲಿತ್ತಂತೆ. “ಹಾಗಾದ್ರೆ ನಿಮ್ ಕಡೆ ಸಾಕ್ಷಿ ಹೇಳೋರು ಯಾರಿದ್ದಾರೆ ಮಾವ?” ಎಂದು ಸಾಹೇಬರು ಕೇಳಿದರು. ಒಬ್ಬರಿದ್ದರು. ತಂದೆ ದಾರಿಯಲ್ಲೇ ತೀರಿಕೊಂಡರೆಂದು ಅವರ ಕೈಯಲ್ಲಿ ಸಹಿ ಹಾಕಿಸಿದವನು ನಾನೇ.

ಇದನ್ನು ನನಗೆ ಓದಿ ಹೇಳಿದರು, ಕೇಳಿದೆನು. ನಾನು ಹೇಳಿದ್ದನ್ನೇ ಬರೆದಿದ್ದಾರೆ, ಹೇಳಿದ್ದೆಲ್ಲ ನಿಜ. ಇದರಿಂದ ಏನೂ ಆಗದು ಎಂದು ಸಾಹೇಬರು ಹೇಳಿದ ಮೇಲೂ ಸಹಿ ಮಾಡುತ್ತಿದ್ದೇನೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಘಟನೆಯ ನಂತರದ ಮಂಗಳವಾರ
ಸಹಿ: ಆಂಬುಲೆನ್ಸ್ ಚಾಲಕ